ದಾನಕ್ಕೆ ವ್ಯಾಪಾರಿಯ ಲೆಕ್ಕ ಬೇಕು, ವ್ಯಾಪಾರಿಯ ಲಾಭ ಬೇಡ

(ಝಕಾತ್ ಮತ್ತು ಸಮಾಜ ಸೇವೆಯ ಕುರಿತ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ವ್ಯಾಪಾರವನ್ನು ಬಲ್ಲವರು. ಬಟ್ಟೆ ಅಂಗಡಿ, ದಿನಸಿ ಅಂಗಡಿ, ಹಣ್ಣಿನ ಮಂಡಿ, ಗ್ಯಾರೇಜು, ಹಾರ್ಡ್‌ವೇರ್ ಹೀಗೆ ಒಂದಿಲ್ಲೊಂದು ವಹಿವಾಟಿನಲ್ಲಿ ತೊಡಗಿದವರು. ಆದ್ದರಿಂದ ವ್ಯಾಪಾರದಿಂದಲೇ ಮಾತು ಆರಂಭಿಸೋಣ. ಒಬ್ಬ ವ್ಯಾಪಾರಿಯ ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆಯೆಂದು ಭಾವಿಸಿರಿ. ಅದನ್ನು ಸರಕಿಗೆ ಹಾಕುವ ಮೊದಲು ಆತ ಎಷ್ಟು ವಿಚಾರಿಸುತ್ತಾನೆ! ಸರಕು ಎಲ್ಲಿ ಅಗ್ಗ, ಯಾವುದಕ್ಕೆ ಬೇಡಿಕೆ ಇದೆ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂದು ನಾಲ್ಕು ಜನರನ್ನು ಕೇಳುತ್ತಾನೆ. ರಾತ್ರಿ ಅಂಗಡಿಯ ಬಾಗಿಲು ಹಾಕುವ ಮುನ್ನ ಗಲ್ಲಾಪೆಟ್ಟಿಗೆಯನ್ನು ಎರಡು ಸಲ ಎಣಿಸುತ್ತಾನೆ.

ಅದೇ ವ್ಯಾಪಾರಿ ರಮಝಾನ್‌ನಲ್ಲಿ ಒಂದು ಲಕ್ಷ ರೂಪಾಯಿ ಝಕಾತ್ ಕೊಡಬೇಕಾದಾಗ ಏನಾಗುತ್ತದೆ? ಹಣವನ್ನು ನೂರು, ಇನ್ನೂರರ ನೋಟುಗಳಾಗಿ ಬದಲಾಯಿಸಿಕೊಳ್ಳಲಾಗುತ್ತದೆ. ಗೇಟಿನ ಮುಂದೆ ಸಾಲು ನಿಲ್ಲುತ್ತದೆ. ಬಂದವರಿಗೆ ಒಂದೊಂದು ನೋಟು ಸಿಗುತ್ತದೆ, ಸಂಜೆಯೊಳಗೆ ಹಣ ಮುಗಿಯುತ್ತದೆ. ಹಣ ಯಾರಿಗೆ ಹೋಯಿತು, ಯಾವ ಅಗತ್ಯಕ್ಕೆ ಹೋಯಿತು, ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ಮರುವರ್ಷ ಅದೇ ಗೇಟು, ಅದೇ ಸಾಲು, ಅವೇ ಮುಖಗಳು. ಸಾಲಿನಲ್ಲಿ ನಿಲ್ಲಲು ನಾಚಿ ಮನೆಯಲ್ಲೇ ಉಳಿದ ವಿಧವೆಗೆ ಕಳೆದ ವರ್ಷವೂ ಸಿಗಲಿಲ್ಲ, ಈ ವರ್ಷವೂ ಸಿಗುವುದಿಲ್ಲ.

ತನ್ನ ಹಣದ ಬಗ್ಗೆ ಇಷ್ಟು ಎಚ್ಚರ ವಹಿಸುವ ಮನುಷ್ಯ ಬಡವನ ಹಕ್ಕಿನ ಹಣದ ಬಗ್ಗೆ ಇಷ್ಟು ಉದಾಸೀನನಾಗುವುದು ಸರಿಯೇ ಎಂಬುದೇ ಇಂದು ನಾವು ನಿಮ್ಮ ಮುಂದಿಡುತ್ತಿರುವ ಪ್ರಶ್ನೆ.

ದಾನಕ್ಕೆ ವ್ಯಾಪಾರದ ವಿವೇಕವನ್ನು ಅನ್ವಯಿಸಬೇಕು ಎಂಬ ಮಾತು ಕಳೆದ ಕೆಲವು ದಶಕಗಳಿಂದ ಜಗತ್ತಿನಾದ್ಯಂತ ಕೇಳಿಬರುತ್ತಿದೆ. ಸಾಮಾಜಿಕ ಉದ್ಯಮ ಎಂಬ ಹೆಸರಿನಲ್ಲಿ ಪುಸ್ತಕಗಳು ಬಂದಿವೆ, ಕಾಲೇಜುಗಳಲ್ಲಿ ಪಾಠಗಳು ನಡೆಯುತ್ತಿವೆ. ಈ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ದಾನವೆಂದರೆ ಅಲ್ಲಾಹನಿಗಾಗಿ ಕೊಡುವುದಲ್ಲವೇ, ಅದರಲ್ಲಿ ವ್ಯಾಪಾರವೇಕೆ ಎನ್ನುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಕಂಪೆನಿಗಳ ಕೈಗೆ ಒಪ್ಪಿಸಿದರೆ ಬಡತನವೇ ಮಾಯವಾಗುತ್ತದೆ ಎನ್ನುತ್ತಾರೆ. ಈ ಎರಡೂ ಅಭಿಪ್ರಾಯಗಳು ಅರ್ಧ ಸತ್ಯಗಳೆಂದು ನಾವು ಭಾವಿಸುತ್ತೇವೆ. ವ್ಯಾಪಾರದಲ್ಲಿ ಲೆಕ್ಕವೂ ಇದೆ, ಲಾಭವೂ ಇದೆ. ದಾನಕ್ಕೆ ನಾವು ಎರವಲು ಪಡೆಯಬೇಕಾದುದು ಲೆಕ್ಕವನ್ನು ಮಾತ್ರ.

ಈ ಲೆಕ್ಕ ನಮಗೆ ಹೊಸತೂ ಅಲ್ಲ, ಪರಕೀಯವೂ ಅಲ್ಲ. ಅಬೂದಾವೂದ್‌ರ ಹದೀಸ್ ಸಂಗ್ರಹದಲ್ಲಿ ಬಂದಿರುವ ಒಂದು ಪ್ರಸಿದ್ಧ ಘಟನೆಯನ್ನು ನೀವೆಲ್ಲ ಜುಮಾ ಪ್ರವಚನಗಳಲ್ಲಿ ಕೇಳಿರುವಿರಿ. ಅನ್ಸಾರ್‌ಗಳ ಪೈಕಿ ಒಬ್ಬರು ಪ್ರವಾದಿ(ಸ)ಯವರ ಬಳಿ ಬಂದು ಯಾಚಿಸಿದರು. ಮನೆಯಲ್ಲಿ ಏನಿದೆಯೆಂದು ಪ್ರವಾದಿ(ಸ)ಯವರು ಕೇಳಿದರು. ಒಂದು ಹೊದಿಕೆ ಮತ್ತು ನೀರು ಕುಡಿಯುವ ಒಂದು ಪಾತ್ರೆ ಮಾತ್ರ ಇತ್ತು. ಅವನ್ನು ತರಿಸಿ ಪ್ರವಾದಿ(ಸ)ಯವರು ಸ್ವತಃ ಹರಾಜಿಗಿಟ್ಟರು. ಒಬ್ಬರು ಒಂದು ದಿರ್ಹಮ್‌ಗೆ ಕೇಳಿದರು. ಹೆಚ್ಚು ಕೊಡುವವರಿದ್ದಾರೆಯೇ ಎಂದು ಮತ್ತೆ ಕೇಳಲಾಯಿತು. ಎರಡು ದಿರ್ಹಮ್‌ಗೆ ಮಾರಾಟವಾಯಿತು. ಒಂದು ದಿರ್ಹಮ್‌ನಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಒಂದು ಕೊಡಲಿ. ಕೊಡಲಿಗೆ ಹಿಡಿಯನ್ನು ಪ್ರವಾದಿ(ಸ)ಯವರೇ ತಮ್ಮ ಕೈಯಾರೆ ಹಾಕಿಕೊಟ್ಟರು. ಕಟ್ಟಿಗೆ ಕಡಿದು ಮಾರಲು ಹೇಳಿ, ಹದಿನೈದು ದಿನ ಇತ್ತ ಬರಬೇಡಿರೆಂದು ಕಳುಹಿಸಿದರು. ಆ ವ್ಯಕ್ತಿ ಮರಳಿ ಬಂದಾಗ ಅವರ ಬಳಿ ಹತ್ತು ದಿರ್ಹಮ್‌ಗಳಿದ್ದವು.

ಇದನ್ನು ನಾವು ಭಿಕ್ಷಾಟನೆಯನ್ನು ವಿರೋಧಿಸುವ ಘಟನೆಯೆಂದು ಮಾತ್ರ ಹೇಳಿ ಮುಗಿಸುತ್ತೇವೆ. ಆದರೆ ವ್ಯಾಪಾರ ಬಲ್ಲವರು ಇದನ್ನು ಇನ್ನೊಮ್ಮೆ ಗಮನಿಸಿರಿ. ಯಾಚಕನ ಬಳಿ ಈಗಾಗಲೇ ಏನಿದೆಯೆಂದು ಮೊದಲು ವಿಚಾರಿಸಲಾಯಿತು. ಇದ್ದುದಕ್ಕೆ ಸಿಗಬಹುದಾದ ಉತ್ತಮ ಬೆಲೆಯನ್ನು ಬಹಿರಂಗವಾಗಿ ಪಡೆಯಲಾಯಿತು. ಹಸಿವಿಗೆ ಮೊದಲು ಅನ್ನ, ನಂತರ ದುಡಿಮೆಗೆ ಸಾಧನ ಎಂಬ ಕ್ರಮವನ್ನು ಪಾಲಿಸಲಾಯಿತು. ಆ ಊರಿನಲ್ಲಿ ಮಾರಾಟವಾಗುವ ವಸ್ತುವನ್ನೇ ಆರಿಸಲಾಯಿತು. ಅವಧಿಯೊಂದನ್ನು ಗೊತ್ತುಪಡಿಸಿ, ಅವಧಿ ಮುಗಿದ ಮೇಲೆ ಫಲಿತಾಂಶವನ್ನು ನೋಡಲಾಯಿತು. ಇಂದಿನ ಯಾವ ಆಡಳಿತ ಶಾಸ್ತ್ರದ ಪಾಠವೂ ಇದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಹೀಗಿದ್ದೂ ಕೊಡುವವರಿಗೆ ಇದರಿಂದ ಒಂದು ಕಾಸಿನ ಲಾಭವೂ ಇರಲಿಲ್ಲ.

ಹಝ್ರತ್ ಉಮರ್(ರ)ರಿಗೆ ಖೈಬರ್‌ನಲ್ಲಿ ಬೆಲೆಬಾಳುವ ಭೂಮಿ ದೊರೆತಾಗ, ಮೂಲವನ್ನು ಉಳಿಸಿಕೊಂಡು ಅದರ ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ)ಯವರು ಸಲಹೆಯಿತ್ತರು. ಆ ಭೂಮಿಯನ್ನು ಮಾರುವಂತಿರಲಿಲ್ಲ, ವಾರಸುದಾರರಿಗೆ ಹಂಚುವಂತಿರಲಿಲ್ಲ. ಅದನ್ನು ನೋಡಿಕೊಳ್ಳುವವರು ಮಾತ್ರ ಮರ್ಯಾದೆಯ ಮಿತಿಯಲ್ಲಿ ಅದರಿಂದ ಉಣ್ಣಬಹುದಾಗಿತ್ತು. ವಕ್ಫ್ ಎಂಬ ವ್ಯವಸ್ಥೆಯ ತಿರುಳು ಇದೇ. ಒಮ್ಮೆ ಕೊಟ್ಟು ಮುಗಿಯುವ ದಾನದ ಬದಲು ವರ್ಷ ವರ್ಷವೂ ದುಡಿದು ಕೊಡುವ ದಾನ.

ಈ ತಿರುಳು ಆಧುನಿಕ ಉದ್ಯಮವೊಂದರಲ್ಲಿ ಹೇಗೆ ಫಲ ಕೊಟ್ಟಿತೆಂಬುದಕ್ಕೆ ನಮ್ಮದೇ ದೇಶದಲ್ಲಿ ಉದಾಹರಣೆಯಿದೆ. ಇಫ್ತಾರ್‌ನ ಮೇಜಿನ ಮೇಲೆ ರೂಹ್ ಅಫ್ಝಾ ಶರಬತ್ತನ್ನು ನೋಡದವರು ನಮ್ಮಲ್ಲಿ ವಿರಳ. ಅದನ್ನು ತಯಾರಿಸುವ ಹಮ್‌ದರ್ದ್ ಸಂಸ್ಥೆಯನ್ನು ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ಎಂಬವರು 1906ರಲ್ಲಿ ದೆಹಲಿಯಲ್ಲಿ ಒಂದು ಸಣ್ಣ ಯುನಾನಿ ದವಾಖಾನೆಯಾಗಿ ತೆರೆದರು. 1922ರಲ್ಲಿ ಅವರು ತೀರಿಕೊಂಡಾಗ ಹಿರಿಯ ಮಗ ಅಬ್ದುಲ್ ಹಮೀದ್ ಇನ್ನೂ ಎಳೆಯ ಹುಡುಗ. ತಾಯಿ ಮತ್ತು ಮಗ ಸೇರಿ ದವಾಖಾನೆಯನ್ನು ಬೆಳೆಸಿದರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ 1948ರಲ್ಲಿ, ತಮ್ಮ ಮಹಾನಗರದ ಮುಸ್ಲಿಮರ ಭವಿಷ್ಯವೇ ಮಸುಕಾಗಿದ್ದ ಕಾಲದಲ್ಲಿ, ಹಕೀಮ್ ಅಬ್ದುಲ್ ಹಮೀದ್ ಸಾಹೇಬರು ದೆಹಲಿಯಲ್ಲೇ ಉಳಿದು ಲಾಭದಲ್ಲಿದ್ದ ತಮ್ಮ ಉದ್ಯಮವನ್ನು ವಕ್ಫ್ ಆಗಿ ಘೋಷಿಸಿದರು. ಕಿರಿಯ ಸಹೋದರ ಹಕೀಮ್ ಮುಹಮ್ಮದ್ ಸಈದ್ ಕರಾಚಿಗೆ ಹೋಗಿ ಅಲ್ಲಿ ಕಟ್ಟಿದ ಹಮ್‌ದರ್ದ್ ಕೂಡ ಮುಂದೆ ವಕ್ಫ್ ಆಯಿತು.

ಲಾಭವನ್ನು ಸಮಾಜದ ಕೆಲಸಗಳಿಗೆ ಹಂಚಲು 1964ರಲ್ಲಿ ಹಮ್‌ದರ್ದ್ ನ್ಯಾಷನಲ್ ಫೌಂಡೇಶನ್ ಸ್ಥಾಪನೆಯಾಯಿತು. ಶರಬತ್ತು ಮತ್ತು ಔಷಧಿಗಳ ಆ ಆದಾಯದಿಂದ ವಿದ್ಯಾಸಂಸ್ಥೆಗಳು ಎದ್ದವು. 1989ರಲ್ಲಿ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ದೆಹಲಿಯ ಜಾಮಿಯಾ ಹಮ್‌ದರ್ದ್ ಅವುಗಳಲ್ಲಿ ಪ್ರಮುಖವಾದುದು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಕ್ಫ್ ಆಯಿತೆಂದು ಹಮ್‌ದರ್ದ್ ಶರಬತ್ತನ್ನು ಪುಕ್ಕಟೆಯಾಗಿ ಹಂಚಲಿಲ್ಲ, ಗುಣಮಟ್ಟವನ್ನು ಇಳಿಸಲಿಲ್ಲ, ಜಾಹೀರಾತನ್ನು ನಿಲ್ಲಿಸಲಿಲ್ಲ. ಮಾರುಕಟ್ಟೆಯಲ್ಲಿ ಎಲ್ಲರಂತೆ ಸ್ಪರ್ಧಿಸಿತು. ಸಂಪಾದನೆಯಲ್ಲಿ ಪೂರ್ತಿ ವ್ಯಾಪಾರಿ, ವಿನಿಯೋಗದಲ್ಲಿ ಪೂರ್ತಿ ದಾನಿ. ಈ ಎರಡು ಪಾತ್ರಗಳನ್ನು ಬೆರೆಸದೆ ನಿಭಾಯಿಸಿದ್ದೇ ಹಕೀಮ್ ಸಾಹೇಬರ ಹಿರಿಮೆ.

ಇನ್ನು ನಮ್ಮ ನೆರೆಯ ತಮಿಳುನಾಡಿಗೆ ಬರೋಣ. ಒಳಿತು ಎಲ್ಲಿ ಕಂಡರೂ ಅದನ್ನು ಕಲಿಯುವ ಹಕ್ಕು ನಮಗಿದೆ. ಮಧುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿ ಎಂಬ ಕಣ್ಣಿನ ವೈದ್ಯರಿದ್ದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆಯ ಉಪಕರಣ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡವರು ಅವರು. ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ, 58ರ ವಯಸ್ಸಿನಲ್ಲಿ, ಕೇವಲ 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಕಣ್ಣಿನ ಪೊರೆಯಿಂದ ಕುರುಡರಾದವರಿಗೆ ಸಣ್ಣ ಶಸ್ತ್ರಚಿಕಿತ್ಸೆಯೊಂದರಿಂದ ದೃಷ್ಟಿ ಮರಳಿಸಬಹುದು, ಆದರೆ ಬಡವರಿಗೆ ಅದು ಕೈಗೆಟಕುತ್ತಿಲ್ಲ ಎಂಬುದು ಅವರ ಕೊರಗಾಗಿತ್ತು.

ಅವರು ಮಾಡಿದ್ದೇನು? ಶಕ್ತರಿಂದ ಶುಲ್ಕ ಪಡೆದರು, ಅಶಕ್ತರಿಗೆ ಉಚಿತವಾಗಿ ಅಥವಾ ಅತ್ಯಲ್ಪ ಶುಲ್ಕಕ್ಕೆ ಚಿಕಿತ್ಸೆ ಕೊಟ್ಟರು. ಕೊಠಡಿಯ ಸೌಕರ್ಯದಲ್ಲಿ ವ್ಯತ್ಯಾಸವಿತ್ತು, ಚಿಕಿತ್ಸೆಯಲ್ಲಿ ಇರಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೇಜುಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಬ್ಬ ರೋಗಿಯ ಚಿಕಿತ್ಸೆ ಮುಗಿಯುವಷ್ಟರಲ್ಲಿ ಇನ್ನೊಬ್ಬರನ್ನು ದಾದಿಯರು ಸಿದ್ಧಗೊಳಿಸುವ ವ್ಯವಸ್ಥೆ ಮಾಡಿದರು. ಹೀಗೆ ವೈದ್ಯರ ಒಂದು ನಿಮಿಷವೂ ವ್ಯರ್ಥವಾಗದೆ, ಬೇರೆಡೆಗಿಂತ ಹಲವು ಪಟ್ಟು ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿತು. ಕಣ್ಣಿನೊಳಗೆ ಇಡುವ ಕೃತಕ ಮಸೂರವನ್ನು ವಿದೇಶದಿಂದ ತರಿಸುವುದು ಬಲು ದುಬಾರಿಯಾಗಿತ್ತು. ಅದನ್ನು ತಾವೇ ತಯಾರಿಸಲು 1992ರಲ್ಲಿ ಆರೋಲ್ಯಾಬ್ ಎಂಬ ಘಟಕ ಆರಂಭಿಸಿ ಬೆಲೆಯನ್ನು ಹಲವು ಪಟ್ಟು ತಗ್ಗಿಸಿದರು.

ಈ ಆಸ್ಪತ್ರೆಯ ಅನುಭವದಲ್ಲಿ ನಮಗೆ ಅತಿ ಮುಖ್ಯವಾಗಿ ಕಂಡದ್ದು ಬೇರೊಂದು ಸಂಗತಿ. ಚಿಕಿತ್ಸೆ ಉಚಿತವೆಂದು ಘೋಷಿಸಿದರೂ ಹಳ್ಳಿಗಳ ಅನೇಕ ಬಡವರು ಬರಲಿಲ್ಲ. ಬಡವರಿಗೆ ಅರಿವಿಲ್ಲವೆಂದು ಬೈದು ಅವರು ಸುಮ್ಮನಾಗಲಿಲ್ಲ, ಕಾರಣವನ್ನು ವಿಚಾರಿಸಿದರು. ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ, ಇವೇ ಬಡವನಿಗೆ ಭಾರವಾಗಿದ್ದವು. ಆಸ್ಪತ್ರೆಯು ಹಳ್ಳಿಗಳಲ್ಲಿ ಶಿಬಿರ ನಡೆಸಿ, ಅಲ್ಲಿಂದ ರೋಗಿಗಳನ್ನು ವಾಹನದಲ್ಲಿ ಕರೆತಂದು, ಊಟ ಕೊಟ್ಟು, ಮರಳಿ ಊರಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿತು. ಗಿರಾಕಿ ಅಂಗಡಿಗೆ ಏಕೆ ಬರುತ್ತಿಲ್ಲವೆಂದು ಒಳ್ಳೆಯ ವ್ಯಾಪಾರಿ ಚಿಂತಿಸುತ್ತಾನೆ. ಬಡವನು ನಮ್ಮ ನೆರವಿನ ಬಾಗಿಲಿಗೆ ಏಕೆ ಬರುತ್ತಿಲ್ಲವೆಂದು ನಮ್ಮಲ್ಲಿ ಎಷ್ಟು ಸಂಘಗಳು ಚಿಂತಿಸಿವೆ?

ಸಹೋದರರೇ, ಮೂರನೆಯ ಉದಾಹರಣೆ ಸಾಲಕ್ಕೆ ಸಂಬಂಧಿಸಿದ್ದು. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ಸಮೀಪದ ಜೋಬ್ರಾ ಗ್ರಾಮದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್‌ರು 42 ಮಂದಿಯ ಸಾಲದ ಲೆಕ್ಕ ಹಾಕಿದರು. ಒಟ್ಟು ಕೇವಲ 27 ಡಾಲರ್‌ನಷ್ಟಾಯಿತು. ಅಷ್ಟು ಸಣ್ಣ ಮೊತ್ತಕ್ಕಾಗಿ ಅವರು ಸಾಲಗಾರರ ಹಿಡಿತದಲ್ಲಿದ್ದರು. ಅಲ್ಲಿಂದ ಬೆಳೆದ ಗ್ರಾಮೀಣ್ ಬ್ಯಾಂಕ್ 1983ರಲ್ಲಿ ಅಧಿಕೃತ ಬ್ಯಾಂಕ್ ಆಯಿತು, 2006ರಲ್ಲಿ ಯೂನುಸ್‌ರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಅಡಮಾನವಿಲ್ಲದ ಬಡ ಮಹಿಳೆ ಸಾಲ ತೀರಿಸುತ್ತಾಳೆಂದು ಅದು ಜಗತ್ತಿಗೆ ತೋರಿಸಿತು. ಆದರೆ ಆ ಸಾಲದ ಮೇಲೆ ಬಡ್ಡಿಯಿತ್ತು.

ಬಡ್ಡಿಯಿಲ್ಲದೆ ಇದು ಸಾಧ್ಯವೇ ಎಂಬ ಪ್ರಶ್ನೆಗೆ ಪಾಕಿಸ್ತಾನದ ಲಾಹೋರ್‌ನಲ್ಲಿ ಉತ್ತರ ಸಿಕ್ಕಿತು. ಸರಕಾರಿ ಅಧಿಕಾರಿಯಾಗಿದ್ದ ಡಾ. ಅಮ್ಜದ್ ಸಾಕಿಬ್‌ರು ಗೆಳೆಯರೊಂದಿಗೆ 2001ರಲ್ಲಿ ಅಖುವ್ವತ್ ಎಂಬ ಸಂಸ್ಥೆ ಕಟ್ಟಿದರು. ಮಹಿಳೆಯೊಬ್ಬರಿಗೆ ಕೊಟ್ಟ 10,000 ರೂಪಾಯಿಗಳ ಬಡ್ಡಿರಹಿತ ಸಾಲವೇ ಅದರ ಆರಂಭ. ಮದೀನಾದಲ್ಲಿ ಮುಹಾಜಿರ್ ಮತ್ತು ಅನ್ಸಾರ್‌ಗಳ ನಡುವೆ ಏರ್ಪಟ್ಟ ಭ್ರಾತೃತ್ವವೇ ಆ ಹೆಸರಿಗೆ ಪ್ರೇರಣೆ. ಅಖುವ್ವತ್ ದೊಡ್ಡ ಕಚೇರಿಗಳನ್ನು ಕಟ್ಟಲಿಲ್ಲ. ಸಾಲವನ್ನು ಮಸೀದಿಗಳಲ್ಲಿ, ಕೆಲವೆಡೆ ಚರ್ಚ್‌ಗಳಲ್ಲಿ ಎಲ್ಲರ ಸಮ್ಮುಖದಲ್ಲಿ ವಿತರಿಸಿತು. ಇದರಿಂದ ಖರ್ಚೂ ಉಳಿಯಿತು, ಸಾಲ ಪಡೆದವರಿಗೆ ತಾವು ಸಮುದಾಯಕ್ಕೆ ಮಾತು ಕೊಟ್ಟಿದ್ದೇವೆಂಬ ಅರಿವೂ ಮೂಡಿತು. ಶೇ. 99ಕ್ಕೂ ಹೆಚ್ಚು ಸಾಲ ಮರುಪಾವತಿಯಾಯಿತು. ಸಾಲ ಪಡೆದವರಲ್ಲಿ ಅನೇಕರು ಮುಂದೆ ತಾವೇ ದಾನಿಗಳಾದರು. 2021ರಲ್ಲಿ ಡಾ. ಸಾಕಿಬ್‌ರಿಗೆ ರಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇಷ್ಟು ಹೇಳಿದ ಮೇಲೆ ಇದೇ ದಾರಿಯ ಅಪಾಯಗಳನ್ನು ಹೇಳದಿದ್ದರೆ ಮಾತು ಅಪೂರ್ಣವಾಗುತ್ತದೆ.

ಬಡವನಿಗೆ ನೆರವಾಗಲು ಹೊರಟ ವ್ಯವಸ್ಥೆಗೆ ಲಾಭದ ರುಚಿ ಹತ್ತಿದರೆ ಏನಾಗುತ್ತದೆಂಬುದನ್ನು 2010ರಲ್ಲಿ ಆಂಧ್ರಪ್ರದೇಶ ಕಂಡಿತು. ಸೇವಾ ಸಂಸ್ಥೆಯಾಗಿ ಆರಂಭವಾಗಿದ್ದ ದೊಡ್ಡ ಮೈಕ್ರೋಫೈನಾನ್ಸ್ ಸಂಸ್ಥೆಯೊಂದು ಆ ವರ್ಷದ ಆಗಸ್ಟ್‌ನಲ್ಲಿ ಷೇರು ಮಾರುಕಟ್ಟೆಗೆ ಇಳಿಯಿತು. ಹೂಡಿಕೆದಾರರು ಮುಗಿಬಿದ್ದರು. ಎರಡು ತಿಂಗಳಲ್ಲಿ, ವಸೂಲಿಯ ಕಿರುಕುಳ ಮತ್ತು ಸಾಲಗಾರರ ಆತ್ಮಹತ್ಯೆಗಳ ವರದಿಗಳ ನಡುವೆ, ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಒಂದೇ ಮಹಿಳೆಗೆ ಮೂರು ನಾಲ್ಕು ಸಂಸ್ಥೆಗಳು ಸಾಲ ಕೊಟ್ಟಿದ್ದವು. ಒಂದನ್ನು ತೀರಿಸಲು ಇನ್ನೊಂದು ಎಂಬಂತಾಗಿತ್ತು. ಹದಿನೈದು ವರ್ಷಗಳ ಬಳಿಕ, 2025ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕದಲ್ಲೂ ಇಂತಹದೇ ಕಿರುಕುಳವನ್ನು ತಡೆಯಲು ಸುಗ್ರೀವಾಜ್ಞೆ ಬಂತು. ವಾರದ ಕಂತಿಗಾಗಿ ಬಾಗಿಲಿಗೆ ಬಂದು ನಿಲ್ಲುವ ವಸೂಲಿಗಾರನಿಗೆ ಹೆದರಿ ಮನೆ ಬಿಟ್ಟುಹೋದ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಲೆಕ್ಕ ಅಲ್ಲಿಯೂ ಇತ್ತು, ಬಹಳ ಕಟ್ಟುನಿಟ್ಟಾಗಿಯೇ ಇತ್ತು. ಆದರೆ ಅದು ಬಡವನಿಗೆ ಏನು ಸಿಕ್ಕಿತೆಂಬ ಲೆಕ್ಕವಾಗಿರಲಿಲ್ಲ, ಬಡವನಿಂದ ಏನು ಬಂತೆಂಬ ಲೆಕ್ಕವಾಗಿತ್ತು.

ಎರಡನೆಯ ಅಪಾಯ ಚಮತ್ಕಾರದ ಮೋಹ. ದಕ್ಷಿಣ ಆಫ್ರಿಕಾದಲ್ಲಿ ಪ್ಲೇಪಂಪ್ ಎಂಬ ಸಾಧನವೊಂದು ಬಂತು. ಮಕ್ಕಳು ತಿರುಗುವ ಚಕ್ರದ ಮೇಲೆ ಆಡಿದರೆ ಬಾವಿಯ ನೀರು ಮೇಲೇರುತ್ತದೆ, ನೀರಿನ ತೊಟ್ಟಿಯ ಮೇಲಿನ ಜಾಹೀರಾತಿನಿಂದ ಖರ್ಚು ಹುಟ್ಟುತ್ತದೆ ಎಂಬುದು ಯೋಜನೆ. ಕೇಳಲು ಎಷ್ಟು ಸೊಗಸು! 2006ರಲ್ಲಿ ಅಮೆರಿಕದ ಸರಕಾರ ಮತ್ತು ದಾನಿಗಳು ಕೋಟ್ಯಂತರ ಹಣದ ವಾಗ್ದಾನ ಮಾಡಿದರು. 2010ರೊಳಗೆ ಆಫ್ರಿಕಾದಲ್ಲಿ 4,000 ಪಂಪ್‌ಗಳನ್ನು ಹಾಕುವ ಗುರಿಯಿತ್ತು. ಆದರೆ ಮಕ್ಕಳು ಇಡೀ ದಿನ ಆಡುವುದಿಲ್ಲ. ಮನೆಗೆ ನೀರು ಬೇಕಾದಾಗ ವಯಸ್ಸಾದ ಹೆಂಗಸರು ಬಾಗಿ ಆ ಚಕ್ರವನ್ನು ತಿರುಗಿಸಬೇಕಾಯಿತು. ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಸಾಮಾನ್ಯ ಕೈಪಂಪ್‌ಗಿಂತ ಹಲವು ಪಟ್ಟು ದುಬಾರಿಯಾಗಿದ್ದ ಆ ಅಭಿಯಾನ ಅರ್ಧದಲ್ಲೇ ನಿಂತಿತು. ನೀರು ಸೇದುವ ಹೆಂಗಸರನ್ನು ಮೊದಲೇ ಕೇಳಿದ್ದರೆ ಅವರು ಒಂದು ಗಳಿಗೆಯಲ್ಲಿ ಉತ್ತರ ಹೇಳುತ್ತಿದ್ದರು.

ನಮ್ಮ ಊರುಗಳ ಹೊಲಿಗೆ ಯಂತ್ರ ವಿತರಣೆಯ ಸಮಾರಂಭಗಳೂ ಕೆಲವೊಮ್ಮೆ ಇದೇ ಜಾತಿಯವು. ವೇದಿಕೆ, ಹಾರ, ಫೋಟೋ ಎಲ್ಲವೂ ಇರುತ್ತವೆ. ಪಡೆದವಳಿಗೆ ಹೊಲಿಗೆ ಬರುತ್ತದೆಯೇ, ಬಟ್ಟೆ ಎಲ್ಲಿಂದ, ಆರ್ಡರ್ ಯಾರಿಂದ, ಆ ಬೀದಿಯಲ್ಲಿ ಈಗಾಗಲೇ ಎಷ್ಟು ಮಂದಿ ಹೊಲಿಯುತ್ತಿದ್ದಾರೆ ಎಂಬ ಪ್ರಶ್ನೆಗಳು ಮಾತ್ರ ಇರುವುದಿಲ್ಲ. ಅದೇ ಯಂತ್ರದ ಜೊತೆಗೆ ನಮ್ಮದೇ ಶಾಲೆಗಳ ಸಮವಸ್ತ್ರದ ಆರ್ಡರನ್ನೂ ಕೊಡಿಸಿದರೆ ಅದು ಮೂಲೆಯಲ್ಲಿ ಧೂಳು ಹಿಡಿಯುವುದಿಲ್ಲ.

ಮೂರನೆಯ ಅಪಾಯ ನಮ್ಮ ಸಮುದಾಯಕ್ಕೆ ತೀರಾ ಹತ್ತಿರದ್ದು. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಐಎಂಎ ಸಂಸ್ಥೆ ಬಾಗಿಲು ಮುಚ್ಚಿದಾಗ ಹತ್ತಾರು ಸಾವಿರ ಮಂದಿ ದೂರು ಹಿಡಿದು ಸಾಲು ನಿಂತರು. ಮಗಳ ಮದುವೆಗೆ ಇಟ್ಟ ಹಣ, ಗಲ್ಫ್‌ನಲ್ಲಿ ಬೆವರು ಸುರಿಸಿ ಕೂಡಿಟ್ಟ ಹಣ ಅದರಲ್ಲಿತ್ತು. ಅದು ದಾನವಲ್ಲ, ಹೂಡಿಕೆ ನಿಜ. ಆದರೆ ಪಾಠ ಒಂದೇ. ಧರ್ಮದ ಪದಗಳನ್ನು ಬಳಸುವವರಲ್ಲಿ ಲೆಕ್ಕ ಕೇಳಬಾರದೆಂಬ ಸಂಕೋಚ ನಮ್ಮನ್ನು ಮುಳುಗಿಸಬಲ್ಲದು. ಗಡ್ಡ, ಟೋಪಿ, ಸಲಾಮ್ ಯಾವುದೂ ಲೆಕ್ಕಪರಿಶೋಧನೆಗೆ ಬದಲಿಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನಿಡಬೇಕು ಎಂದು ವಿವರವಾಗಿ ಆದೇಶಿಸುವ ಗ್ರಂಥವನ್ನು ನಂಬಿದವರು ಲೆಕ್ಕ ಕೇಳಲು ನಾಚುವುದು ವಿಚಿತ್ರವಲ್ಲವೇ?

ಇದೇ ಮಾತು ವಕ್ಫ್ ಆಸ್ತಿಗಳಿಗೂ ಅನ್ವಯಿಸುತ್ತದೆ. 2006ರ ಸಾಚಾರ್ ಸಮಿತಿಯ ವರದಿಯಂತೆ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು 4.9 ಲಕ್ಷ. ಅವುಗಳ ಮಾರುಕಟ್ಟೆ ಬೆಲೆ ಸುಮಾರು 1.2 ಲಕ್ಷ ಕೋಟಿ ರೂಪಾಯಿ. ಸರಿಯಾಗಿ ಬಳಸಿದರೆ ವರ್ಷಕ್ಕೆ 12,000 ಕೋಟಿ ಆದಾಯ ಬರಬಹುದೆಂದು ಸಮಿತಿ ಅಂದಾಜಿಸಿತು. ಆಗ ಬರುತ್ತಿದ್ದುದು ಸುಮಾರು 163 ಕೋಟಿ ಮಾತ್ರ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಗ್ಗೆ ನಮ್ಮ ಆಕ್ಷೇಪಗಳಿವೆ. ಅವನ್ನು ಸಂವಿಧಾನದ ಚೌಕಟ್ಟಿನಲ್ಲಿ, ನ್ಯಾಯಾಲಯದಲ್ಲಿ, ಮತದಾರರಾಗಿ ನಾವು ಹೇಳುತ್ತಲೇ ಇರಬೇಕು. ಆದರೆ ಆಸ್ತಿಯನ್ನು ಉಳಿಸಿಕೊಳ್ಳುವ ಹೋರಾಟದ ಜೊತೆಗೇ, ಉಳಿದ ಆಸ್ತಿಯಿಂದ ಬಡವನಿಗೆ ಏನು ಮುಟ್ಟಿತೆಂಬ ಪ್ರಶ್ನೆಯೂ ನಡೆಯಬೇಕು. ಪೇಟೆಯ ನಡುವಿನ ವಕ್ಫ್ ಮಳಿಗೆಯನ್ನು ದಶಕಗಳ ಹಿಂದಿನ ಬಾಡಿಗೆಗೆ ಹಿಡಿದುಕೊಂಡವರು ಹೊರಗಿನವರು ಮಾತ್ರವೇ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವೇ.

ಇನ್ನು ಕೆಲಸದ ಮಾತಿಗೆ ಬರೋಣ. ಒಂದು ಮೊಹಲ್ಲಾದ ಮಟ್ಟದಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ನಾಲ್ಕು ಕ್ರಮಗಳನ್ನು ನಾವು ಸೂಚಿಸುತ್ತೇವೆ.

ಮೊದಲನೆಯದು, ಅಗತ್ಯವನ್ನು ಅರಿಯುವುದು. ಶಅಬಾನ್‌ನಲ್ಲಿಯೇ ಮನೆಮನೆಗೆ ಹೋಗಿ ಪಟ್ಟಿ ಮಾಡಿರಿ. ಮಹಿಳೆಯರ ಪರಿಸ್ಥಿತಿಯನ್ನು ವಿಚಾರಿಸಲು ಮಹಿಳೆಯರೇ ಹೋಗಲಿ. ಯಾರಿಗೆ ಔಷಧಿ, ಯಾರಿಗೆ ಶಾಲಾ ಶುಲ್ಕ, ಯಾರಿಗೆ ದುಡಿಮೆಯ ಸಾಧನ ಬೇಕೆಂಬುದು ಬೇರೆ ಬೇರೆಯಾಗಿ ಬರೆಯಲ್ಪಡಲಿ. ಆ ಪಟ್ಟಿ ಗುಟ್ಟಾಗಿರಲಿ. ಬಡವನ ಮಾನವೂ ನಮ್ಮ ಕೈಯಲ್ಲಿರುವ ಅಮಾನತ್ತು.

ಎರಡನೆಯದು, ಝಕಾತ್‌ನ ಒಂದು ಭಾಗವನ್ನಾದರೂ ಒಟ್ಟುಗೂಡಿಸುವುದು. ಕೊಟ್ಟರೆ ಪಡೆದವನು ತನ್ನ ಕಾಲ ಮೇಲೆ ನಿಲ್ಲುವಷ್ಟು ಕೊಡಬೇಕೆಂಬ ನೀತಿಯನ್ನು ಹಝ್ರತ್ ಉಮರ್(ರ)ರು ಬೋಧಿಸಿದ್ದರೆಂದು ವರದಿಯಾಗಿದೆ. ಇನ್ನೂರು ರೂಪಾಯಿಗಳಂತೆ ಐನೂರು ಮಂದಿಗೆ ಹಂಚಿದ ಅದೇ ಒಂದು ಲಕ್ಷದಿಂದ ಎರಡು ಕುಟುಂಬಗಳಿಗೆ ತಳ್ಳುಗಾಡಿ ಮತ್ತು ಸರಕು ಕೊಡಿಸಬಹುದು. ಮರುವರ್ಷ ಆ ಎರಡು ಹೆಸರುಗಳು ಪಟ್ಟಿಯಲ್ಲಿ ಇರಬಾರದೆಂಬುದು ಗುರಿಯಾಗಲಿ. ಬಡ್ಡಿರಹಿತ ಸಾಲದ ನಿಧಿಗೆ ಮಾತ್ರ ಝಕಾತ್‌ನ ಬದಲು ಸದಕಾ ಮತ್ತು ಸ್ವಇಚ್ಛೆಯ ಠೇವಣಿಗಳನ್ನು ಬಳಸಿರಿ. ಏಕೆಂದರೆ ಝಕಾತ್ ಹಣವು ಪಡೆಯುವವನ ಸ್ವಂತ ಆಸ್ತಿಯಾಗಬೇಕೆಂಬುದು ಬಹುಪಾಲು ವಿದ್ವಾಂಸರ ನಿಲುವು. ಸಂದೇಹವಿದ್ದಲ್ಲಿ ನಿಮ್ಮ ಊರಿನ ಉಲಮಾಗಳನ್ನು ಕೇಳಿರಿ.

ಮೂರನೆಯದು, ಕೆಲಸ ಮಾಡುವವರಿಗೆ ಸಂಬಳ ಕೊಡುವುದು. ಸೇವೆಯ ಹಣದಲ್ಲಿ ಸಂಬಳವೇ ಎಂದು ಕೇಳುವವರಿದ್ದಾರೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸುವಾಗ ಮೂರನೆಯದಾಗಿ ಹೇಳುವುದು ಅದರ ಸಂಗ್ರಹ ಮತ್ತು ವಿತರಣೆಯಲ್ಲಿ ದುಡಿಯುವವರನ್ನೇ. ಸಂಬಳವಿಲ್ಲದ ಕಾರ್ಯಕರ್ತ ಬಿಡುವಾದಾಗ ಬರುತ್ತಾನೆ. ಬಡವನ ಹಸಿವು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ಸಂಬಳ ನ್ಯಾಯವಾಗಿರಲಿ, ಎಷ್ಟೆಂಬುದು ಎಲ್ಲರಿಗೂ ತಿಳಿದಿರಲಿ.

ನಾಲ್ಕನೆಯದು, ಲೆಕ್ಕವನ್ನು ಪ್ರಕಟಿಸುವುದು. ಬಂದದ್ದೆಷ್ಟು, ಹೋದದ್ದೆಷ್ಟು, ಕಳೆದ ವರ್ಷ ನೆರವು ಪಡೆದವರಲ್ಲಿ ಎಷ್ಟು ಮಂದಿಗೆ ಈ ವರ್ಷ ಅದರ ಅಗತ್ಯ ಬೀಳಲಿಲ್ಲ ಎಂಬ ಮೂರು ಅಂಕಿಗಳನ್ನು ಹೆಸರುಗಳಿಲ್ಲದೆ ಮಸೀದಿಯ ಫಲಕದಲ್ಲಿ ಹಾಕಿರಿ. ಮೂರನೆಯ ಅಂಕಿ ಸೊನ್ನೆಯಾಗಿದ್ದರೆ ಅದನ್ನೂ ಹಾಕಿರಿ. ಸೊನ್ನೆಯನ್ನು ನೋಡಿದ ಜಮಾಅತ್ ಮರುವರ್ಷ ಬೇರೆ ದಾರಿ ಹುಡುಕುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ದಾನವನ್ನೂ ಫಲಿತಾಂಶದ ತಕ್ಕಡಿಯಲ್ಲಿ ತೂಗಬೇಡಿರಿ. ಹಾಸಿಗೆ ಹಿಡಿದ ವೃದ್ಧೆ ಎಂದೂ ತಳ್ಳುಗಾಡಿ ತಳ್ಳುವುದಿಲ್ಲ. ಬುದ್ಧಿಮಾಂದ್ಯ ಮಗುವಿನ ತಾಯಿಗೆ ಕೊಟ್ಟ ಹಣ ಹತ್ತು ದಿರ್ಹಮ್ ಆಗಿ ಮರಳಿ ಬರುವುದಿಲ್ಲ. ವ್ಯಾಪಾರಿಯ ಕಣ್ಣಿಗೆ ಇವರು ನಷ್ಟದ ಬಾಬತ್ತು. ಆದರೆ ಇವರಿಗಾಗಿಯೇ ದಾನ ಎಂಬುದೊಂದು ಇದೆ. ದುಡಿಯಬಲ್ಲವರನ್ನು ಸಾಲಿನಿಂದ ಬಿಡಿಸಿದರೆ ಮಾತ್ರ ದುಡಿಯಲಾರದ ಇವರಿಗೆ ಜೀವನವಿಡೀ ಸಾಕಾಗುವಷ್ಟು ಕೊಡಲು ನಮ್ಮಲ್ಲಿ ಹಣ ಉಳಿಯುತ್ತದೆ. ನಾವು ಲೆಕ್ಕ ಕೇಳುತ್ತಿರುವುದು ಕೈ ಬಿಗಿ ಹಿಡಿಯಲಿಕ್ಕಲ್ಲ, ಈ ಮನೆಗಳನ್ನು ತಲುಪಲಿಕ್ಕೆ.

ನಿಮ್ಮ ಪೈಕಿ ಅಂಗಡಿ ನಡೆಸುವವರು ವಾರಕ್ಕೆ ಒಂದು ಗಂಟೆಯನ್ನು ತಮ್ಮ ಮಸೀದಿಯ ಲೆಕ್ಕಪುಸ್ತಕಕ್ಕೆ ಕೊಡಿರಿ. ಕಾಲೇಜು ಓದಿದ ಯುವಕ ಯುವತಿಯರು ಪಟ್ಟಿ ಮಾಡುವ ಕೆಲಸಕ್ಕೆ ಮುಂದೆ ಬನ್ನಿರಿ. ಈ ಸಭೆ ಮುಗಿದ ಮೇಲೆ ಜಮಾಅತ್‌ನ ಹಿರಿಯರು ಅರ್ಧ ಗಂಟೆ ಇಲ್ಲಿಯೇ ಕುಳಿತಿರಲು ಒಪ್ಪಿದ್ದಾರೆ. ಯಾವ ಬೀದಿಯ ಪಟ್ಟಿಯನ್ನು ಯಾರು ಮಾಡುವರೆಂಬುದನ್ನು ಇಂದೇ ನಿರ್ಧರಿಸೋಣ. ಕೊಟ್ಟುದನ್ನು ಅಲ್ಲಾಹನು ಸ್ವೀಕರಿಸಲಿ, ಅದು ತಲುಪಬೇಕಾದಲ್ಲಿಗೆ ತಲುಪಲಿ.